ವಿಳಾಸ ಸಂಖ್ಯೆಗಳ ಹಂಚಿಕೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿ ಎಂಬ ಊರಿದೆ. ಒಂದು ಕಾಲಕ್ಕೆ ಪಾಳೆಯಗಾರರ ನೆಲೆಯಾಗಿದ್ದ ಈ ಊರು ಇಂದು ಒಂದು ಹೋಬಳಿಯ ಮುಖ್ಯ ಸ್ಥಳ. ದೂರದ ಪಟ್ಟಣದಲ್ಲಿರುವ ಮಗನೊಬ್ಬನು ಹಾಗಲವಾಡಿಯಲ್ಲಿರುವ ತನ್ನ ತಂದೆಗೆ ಕಾಗದವೊಂದನ್ನು ಬರೆದನೆಂದು ಭಾವಿಸೋಣ. ಲಕೋಟೆಯ ಮೇಲೆ ಆತನು ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆ ಇವುಗಳನ್ನು ಬರೆದು, ಕೊನೆಯಲ್ಲಿ ಆರು ಅಂಕೆಗಳ ಪಿನ್ ಕೋಡನ್ನು ನಮೂದಿಸುತ್ತಾನೆ. 1972ನೆಯ ಇಸವಿ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಜಾರಿಗೆ ಬಂದ ಈ ಸಂಖ್ಯೆಯು ಕಾಗದವನ್ನು ತಪ್ಪದೆ ಸರಿಯಾದ ಅಂಚೆ ಕಚೇರಿಗೆ ತಲಪಿಸುತ್ತದೆ. ದೂರವಾಣಿಗೂ ಇಂತಹದೇ ಏರ್ಪಾಡು ಉಂಟು. ತುಮಕೂರು ನಗರಕ್ಕೆ 0816, ಗುಬ್ಬಿಗೆ 08131, ಕುಣಿಗಲ್ಲಿಗೆ 08132 ಎಂದು ಸ್ಥಿರ ದೂರವಾಣಿಯ ಸಂಕೇತ ಸಂಖ್ಯೆಗಳಿವೆ. ಹೆಸರುಗಳು ಒಂದನ್ನೊಂದು ಹೋಲಬಹುದು. ಒಂದೇ ಹೆಸರಿನ ಹತ್ತು ಹಳ್ಳಿಗಳಿರಬಹುದು. ಆದರೆ ಸಂಖ್ಯೆಯು ಒಂದಕ್ಕೆ ಒಂದೇ. ಆದುದರಿಂದಲೇ ಮನುಷ್ಯನು ದೂರದ ವ್ಯವಹಾರಗಳಿಗೆ ಸಂಖ್ಯೆಯನ್ನು ಆಶ್ರಯಿಸಿದ್ದಾನೆ.

ಈಗ ಇನ್ನೊಂದು ಪ್ರಸಂಗವನ್ನು ನೋಡೋಣ. ಅದೇ ಹಾಗಲವಾಡಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಪರೀಕ್ಷೆಯ ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಬಯಸುತ್ತಾಳೆ. ಆಕೆಯು ಪರದೆಯನ್ನು ಮುಟ್ಟಿದ ಒಂದೆರಡು ಕ್ಷಣಗಳಲ್ಲಿಯೇ ಬೆಂಗಳೂರಿನಲ್ಲಿಯೋ ಬೇರೆಲ್ಲಿಯೋ ಇರುವ ಗಣಕಯಂತ್ರದಿಂದ ಉತ್ತರವು ಬಂದು ನಿಲ್ಲುತ್ತದೆ. ಲಕ್ಷಾಂತರ ಮಕ್ಕಳು ಅದೇ ಹೊತ್ತಿನಲ್ಲಿ ಅದೇ ಪ್ರಶ್ನೆಯನ್ನು ಕೇಳಿರುತ್ತಾರೆ. ಹೀಗಿದ್ದರೂ ಒಬ್ಬರ ಉತ್ತರವು ಇನ್ನೊಬ್ಬರ ಕೈಸೇರುವುದಿಲ್ಲ. ಇದು ಹೇಗೆ ಸಾಧ್ಯವಾಯಿತು? ಅಂತರ್ಜಾಲದಲ್ಲಿ ಸಾಗುವ ಪ್ರತಿಯೊಂದು ಸಂದೇಶವೂ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಹೊರಡುತ್ತದೆ. ಪ್ರತಿ ಪೊಟ್ಟಣದ ತಲೆಯ ಮೇಲೂ ಎರಡು ಸಂಖ್ಯೆಗಳಿರುತ್ತವೆ: ಒಂದು ಅದನ್ನು ಕಳುಹಿಸಿದವರ ವಿಳಾಸ, ಮತ್ತೊಂದು ಅದು ಸೇರಬೇಕಾದ ಸ್ಥಳದ ವಿಳಾಸ. ದಾರಿಯುದ್ದಕ್ಕೂ ಇರುವ ಯಂತ್ರಗಳು ಈ ಸಂಖ್ಯೆಯನ್ನು ಓದಿ ಪೊಟ್ಟಣವನ್ನು ಮುಂದಕ್ಕೆ ದಾಟಿಸುತ್ತವೆ. ಈ ಸಂಖ್ಯೆಗೆ ಐ.ಪಿ. ವಿಳಾಸ ಎಂದು ಹೆಸರು.

ಈ ವಿಳಾಸದ ರೂಪವು ಸರಳವಾದುದು. ಅದರಲ್ಲಿ ನಾಲ್ಕು ಭಾಗಗಳಿದ್ದು, ಭಾಗಗಳ ನಡುವೆ ಒಂದೊಂದು ಚುಕ್ಕೆ ಇರುತ್ತದೆ. ಪ್ರತಿಯೊಂದು ಭಾಗವೂ 0ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆ. ಅಂದರೆ ಪ್ರತಿ ಭಾಗಕ್ಕೆ 256 ಸಾಧ್ಯತೆಗಳು. ಗಣಕಯಂತ್ರವು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕೆಗಳಲ್ಲಿ ಲೆಕ್ಕ ಹಾಕುವುದರಿಂದ ಈ ನಾಲ್ಕು ಭಾಗಗಳು ಒಟ್ಟು 32 ಸ್ಥಾನಗಳಲ್ಲಿ ಅಡಗುತ್ತವೆ. 256ನ್ನು ನಾಲ್ಕು ಬಾರಿ ಬರೆದು ಗುಣಿಸಿದರೆ 4,29,49,67,296 ಎಂಬ ಮೊತ್ತ ಬರುತ್ತದೆ. ಇವುಗಳಲ್ಲಿ ವಿಶೇಷ ಕಾರ್ಯಗಳಿಗಾಗಿ ಕಾದಿರಿಸಿದವುಗಳನ್ನು ಕಳೆದರೆ ಬಳಕೆಗೆ ಉಳಿಯುವುದು ಸುಮಾರು 370 ಕೋಟಿ ಮಾತ್ರ. ಈ ಕ್ರಮವನ್ನು ವಿವರಿಸುವ ದಾಖಲೆಯು 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಎಂಬ ಸಂಶೋಧನಾ ಜಾಲವು ಇದನ್ನು ಅಳವಡಿಸಿಕೊಂಡಿತು. ಆಗ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿಯಷ್ಟಿತ್ತು. ಜಾಲಕ್ಕೆ ಸೇರಿದ್ದ ಗಣಕಯಂತ್ರಗಳಾದರೋ ಹೆಚ್ಚಾಗಿ ವಿಶ್ವವಿದ್ಯಾನಿಲಯಗಳಲ್ಲಿ, ದೊಡ್ಡ ಕಚೇರಿಗಳಲ್ಲಿ ಇದ್ದವು. ಮನೆಗೊಂದು ಗಣಕಯಂತ್ರ, ಅಂಗೈಗೊಂದು ಮೊಬೈಲು ಬರುವ ದಿನವನ್ನು ಆಗ ಯಾರು ತಾನೆ ಊಹಿಸಿದ್ದರು?

ಒಂದು ಸಂಖ್ಯೆಯು ಏಕಕಾಲದಲ್ಲಿ ಇಬ್ಬರಿಗೆ ಸೇರಿರಬಾರದು. ಸೇರಿದರೆ ಒಬ್ಬರ ಸಂದೇಶವು ಇನ್ನೊಬ್ಬರ ಮನೆಯ ಬಾಗಿಲಿಗೆ ಹೋಗುತ್ತದೆ. ಆದುದರಿಂದ ಯಾವ ಸಂಖ್ಯೆ ಯಾರದು ಎಂಬುದನ್ನು ಬರೆದಿಡುವ ಒಂದು ಪುಸ್ತಕ ಅವಶ್ಯಕ. ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರು ಯಾವ ಸರ್ವೆ ನಂಬರಿನ ಜಮೀನು ಯಾರ ಹೆಸರಿನಲ್ಲಿದೆ ಎಂದು ಲೆಕ್ಕ ಇಡುತ್ತಿದ್ದರಲ್ಲವೆ? ಅಂತರ್ಜಾಲಕ್ಕೂ ಹಾಗೆಯೇ ಲೆಕ್ಕ ಇಡುವವರು ಬೇಕಾದರು. ಆರಂಭದ ದಿನಗಳಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಎಂಬ ವಿಜ್ಞಾನಿಯು ಈ ಲೆಕ್ಕದ ಹೊಣೆಯನ್ನು ಹೊತ್ತಿದ್ದನು. 1998ರಲ್ಲಿ ಆತನು ನಿಧನನಾದನು. ಅಷ್ಟರಲ್ಲಿ ಜಾಲವು ಭೂಮಂಡಲವನ್ನೆಲ್ಲ ವ್ಯಾಪಿಸತೊಡಗಿ, ಒಬ್ಬರು ಅಥವಾ ಒಂದು ಕಚೇರಿಯವರು ನಿರ್ವಹಿಸಲಾರದಷ್ಟು ಕೆಲಸವು ಬೆಳೆದಿತ್ತು.

ಹೀಗಾಗಿ ಜಗತ್ತನ್ನು ವಲಯಗಳಾಗಿ ವಿಂಗಡಿಸಿ, ವಲಯಕ್ಕೊಂದು ನೋಂದಣಿ ಸಂಸ್ಥೆಯನ್ನು ಸ್ಥಾಪಿಸುವ ಪದ್ಧತಿ ಬಂದಿತು. ಯೂರೋಪು ಮತ್ತು ಪಶ್ಚಿಮ ಏಷ್ಯಗಳಿಗಾಗಿ ರೈಪ್ ಎನ್‌ಸಿಸಿ 1992ರಲ್ಲಿಯೂ, ಏಷ್ಯ ಮತ್ತು ಪೆಸಿಫಿಕ್ ಪ್ರದೇಶಕ್ಕಾಗಿ ಎಪಿನಿಕ್ 1993ರಲ್ಲಿಯೂ, ಉತ್ತರ ಅಮೆರಿಕಕ್ಕಾಗಿ ಆರಿನ್ 1997ರಲ್ಲಿಯೂ, ಲ್ಯಾಟಿನ್ ಅಮೆರಿಕಕ್ಕಾಗಿ ಲ್ಯಾಕ್‌ನಿಕ್ 2002ರಲ್ಲಿಯೂ, ಆಫ್ರಿಕಕ್ಕಾಗಿ ಆಫ್ರಿನಿಕ್ 2005ರಲ್ಲಿಯೂ ಸ್ಥಾನ ಪಡೆದವು. ಎಪಿನಿಕ್‌ನ ಕೇಂದ್ರ ಕಚೇರಿಯು ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿದೆ. ಭಾರತವು ಸೇರಿರುವುದು ಇದೇ ವಲಯಕ್ಕೆ. ನಮ್ಮ ದೇಶದೊಳಗಿನ ಹಂಚಿಕೆಗಾಗಿ 2012ರಲ್ಲಿ ಐರಿನ್ ಎಂಬ ರಾಷ್ಟ್ರೀಯ ನೋಂದಣಿ ಸಂಸ್ಥೆಯು ಕೆಲಸವನ್ನು ಆರಂಭಿಸಿತು. ದೊಡ್ಡ ನಾಲೆಯಿಂದ ಉಪನಾಲೆಗೆ, ಉಪನಾಲೆಯಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ನೀರು ಹರಿಯುವಂತೆ, ಸಂಖ್ಯೆಗಳು ವಿಶ್ವದ ಭಂಡಾರದಿಂದ ವಲಯಕ್ಕೆ, ವಲಯದಿಂದ ದೇಶಕ್ಕೆ, ಅಲ್ಲಿಂದ ದೂರಸಂಪರ್ಕದ ಕಂಪೆನಿಗಳಿಗೆ, ಕೊನೆಗೆ ಹಾಗಲವಾಡಿಯ ಮನೆಗೆ ಬಂದು ಸೇರುತ್ತವೆ.

ಆದರೆ ಈ ನಾಲೆಯ ನೀರು ಎಲ್ಲರಿಗೂ ಸಮನಾಗಿ ಹರಿಯಲಿಲ್ಲ. ಮೊದಲ ದಿನಗಳಲ್ಲಿ ಸಂಖ್ಯೆಗಳು ಅಕ್ಷಯವೆಂಬಂತೆ ತೋರುತ್ತಿದ್ದುದರಿಂದ ಕೇಳಿದವರಿಗೆ ಧಾರಾಳವಾಗಿ ಕೊಡಲಾಯಿತು. ಅಮೆರಿಕದ ಕೆಲವು ವಿಶ್ವವಿದ್ಯಾನಿಲಯಗಳೂ ಕಂಪೆನಿಗಳೂ ಒಂದೊಂದೂ 1,67,77,216 ಸಂಖ್ಯೆಗಳುಳ್ಳ ಕಂತೆಗಳನ್ನು ಪಡೆದವು. ಭಾರತದಲ್ಲಿ 1986ರಲ್ಲಿ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವು ಪ್ರಾರಂಭವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಸಹಭಾಗಿಗಳಲ್ಲಿ ಒಂದು. ಸಾರ್ವಜನಿಕರಿಗೆ ಅಂತರ್ಜಾಲವು ದೊರೆತದ್ದು 1995ರ ಆಗಸ್ಟ್ 15ರಂದು. ಆ ವೇಳೆಗೆ ದೊಡ್ಡ ದೊಡ್ಡ ಕಂತೆಗಳು ಬೇರೆಯವರ ಹೆಸರಿಗೆ ಬರೆದು ಹೋಗಿದ್ದವು. ಇಂದು ಅಮೆರಿಕದ ಸಂಯುಕ್ತ ಸಂಸ್ಥಾನದ ಹೆಸರಿನಲ್ಲಿ ಸುಮಾರು 160 ಕೋಟಿ ಸಂಖ್ಯೆಗಳಿವೆ. ಭಾರತದ ಹೆಸರಿನಲ್ಲಿರುವುದು ಸುಮಾರು 4 ಕೋಟಿ. ಅಲ್ಲಿ ಒಬ್ಬೊಬ್ಬ ಪ್ರಜೆಯ ಪಾಲಿಗೆ ನಾಲ್ಕಕ್ಕಿಂತ ಹೆಚ್ಚು ಸಂಖ್ಯೆಗಳು ಬರುತ್ತವೆ. ಇಲ್ಲಿ 140 ಕೋಟಿ ಜನರಲ್ಲಿ ಸುಮಾರು 35 ಮಂದಿಗೆ ಒಂದು ಸಂಖ್ಯೆ.

ಅಕ್ಷಯವೆಂದು ತಿಳಿದದ್ದು ಕೊನೆಗೆ ಬರಿದಾಯಿತು. 2011ರ ಫೆಬ್ರವರಿ 3ರಂದು ವಿಶ್ವದ ಭಂಡಾರದಲ್ಲಿ ಉಳಿದಿದ್ದ ಐದು ದೊಡ್ಡ ಕಂತೆಗಳನ್ನು ಐದು ವಲಯಗಳಿಗೆ ಒಂದೊಂದರಂತೆ ಕೊಟ್ಟು ಬಾಗಿಲು ಹಾಕಲಾಯಿತು. ವಲಯಗಳ ಪೈಕಿ ಮೊದಲು ಕೊರತೆಯನ್ನು ಕಂಡದ್ದು ಜನಬಾಹುಳ್ಯವುಳ್ಳ ನಮ್ಮ ಏಷ್ಯ–ಪೆಸಿಫಿಕ್ ವಲಯವೇ. ಅದೇ ವರ್ಷದ ಏಪ್ರಿಲ್ 15ರಂದು ಅದು ತನ್ನ ಕೊನೆಯ ಕಂತೆಯನ್ನು ಮುಟ್ಟಿತು. ಯೂರೋಪಿನ ವಲಯವು 2012ರ ಸೆಪ್ಟೆಂಬರಿನಲ್ಲಿ, ಲ್ಯಾಟಿನ್ ಅಮೆರಿಕವು 2014ರ ಜೂನ್ ತಿಂಗಳಲ್ಲಿ ಅದೇ ಸ್ಥಿತಿಗೆ ಬಂದವು. ಉತ್ತರ ಅಮೆರಿಕದ ಸಂಚಯವು 2015ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತೆ ಆಗಬಾರದೆಂದು, ನಮ್ಮ ವಲಯವು ತನ್ನ ಕೊನೆಯ ಕಂತೆಯಿಂದ ಸದಸ್ಯರೊಬ್ಬರಿಗೆ 1,024ಕ್ಕಿಂತ ಹೆಚ್ಚು ಸಂಖ್ಯೆಗಳನ್ನು ಕೊಡಕೂಡದೆಂದು ಮಿತಿಯನ್ನು ವಿಧಿಸಿತು. 2019ರಲ್ಲಿ ಆ ಮಿತಿಯು 512ಕ್ಕೆ ಇಳಿಯಿತು. ಮುಂದೆ ಹುಟ್ಟಲಿರುವ ಸಂಸ್ಥೆಗಳಿಗೂ ಒಂದು ಗುಟುಕು ಉಳಿದಿರಲಿ ಎಂಬುದೇ ಇದರ ಆಶಯ.

ಕೆರೆಯ ನೀರಿನಿಂದ ಬೇಸಾಯ ಮಾಡುವ ಊರಿನವರಿಗೆ ಈ ಪರಿಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ತೂಬಿನ ಬಳಿಯ ಗದ್ದೆಗೆ ನೀರು ತುಂಬಿ ಹರಿದರೆ ಕಡೆಯ ಗದ್ದೆಯವನು ಆಕಾಶವನ್ನು ನೋಡುತ್ತ ಕೂರಬೇಕಾಗುತ್ತದೆ. ಅದಕ್ಕಾಗಿಯೇ ನಮ್ಮ ಹಿರಿಯರು ನೀರುಗಂಟಿಯನ್ನು ನೇಮಿಸಿ, ಸರದಿಯಂತೆ ನೀರು ಬಿಡುವ ಕಟ್ಟಳೆಯನ್ನು ಮಾಡಿದ್ದರು. ಕೆರೆಯೇ ಒಣಗಿದಾಗ ಮತ್ತೊಂದು ಪ್ರಶ್ನೆ ಏಳುತ್ತದೆ: ನೀರಿರುವ ಕಡೆಯಿಂದ ನೀರಿಲ್ಲದ ಕಡೆಗೆ ಅದನ್ನು ತರಬಹುದೆ? ಹಾಸನ ಜಿಲ್ಲೆಯ ಗೊರೂರಿನ ಬಳಿ ಕಟ್ಟಿದ ಹೇಮಾವತಿ ಜಲಾಶಯದ ನೀರು ನಾಲೆಯ ಮೂಲಕ ತುಮಕೂರು ಜಿಲ್ಲೆಗೆ ಬರುತ್ತದೆ. ತುಮಕೂರು ನಗರವು ಬುಗುಡನಹಳ್ಳಿಯ ಕೆರೆಯಲ್ಲಿ ಅದನ್ನು ಸಂಗ್ರಹಿಸಿ ಕುಡಿಯಲು ಬಳಸುತ್ತದೆ. ಯಾರ ಪಾಲು ಎಷ್ಟು, ಮುಂದಿನ ತಾಲ್ಲೂಕಿಗೆ ಕೊಂಡೊಯ್ದರೆ ಹಿಂದಿನ ತಾಲ್ಲೂಕಿಗೆ ಕೊರತೆಯಾದೀತೆ ಎಂಬ ಪ್ರಶ್ನೆಯು ಗುಬ್ಬಿಯ ರೈತರಿಗೂ ಕುಣಿಗಲ್ಲಿನ ರೈತರಿಗೂ ಹೊಸದಲ್ಲ. ಕೊಡುವವರಿಗೆ ಭಯ, ಪಡೆಯುವವರಿಗೆ ಬಾಯಾರಿಕೆ, ಎರಡೂ ನಿಜವಾದುವು. ಅಂತರ್ಜಾಲದ ಸಂಖ್ಯೆಗಳ ವಿಷಯದಲ್ಲಿಯೂ ಇದೇ ಪ್ರಶ್ನೆಯು ಎದ್ದಿತು. ಒಂದು ವಲಯದಲ್ಲಿ ಬಳಕೆಯಾಗದೆ ಬಿದ್ದಿರುವ ಸಂಖ್ಯೆಗಳನ್ನು ಇನ್ನೊಂದು ವಲಯಕ್ಕೆ ವರ್ಗಾಯಿಸಬಹುದೆ? ಆಗಬಹುದಾದರೆ ಯಾವ ನಿಯಮದ ಮೇಲೆ?

ಹಿಂದೆ ಇದ್ದ ತತ್ತ್ವವು ಸುಲಭವಾದುದಾಗಿತ್ತು. ಸಂಖ್ಯೆಯು ಯಾರ ಸ್ವತ್ತೂ ಅಲ್ಲ. ಬೇಕಾದಷ್ಟು ಕಾಲ ಬಳಸಿ, ಬೇಡವಾದಾಗ ಹಿಂದಿರುಗಿಸತಕ್ಕದ್ದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ಈ ತತ್ತ್ವವನ್ನು ಆಚರಿಸಿ ತೋರಿಸಿತು. ತನ್ನ ಬಳಿಯಿದ್ದ, 36 ಎಂಬ ಅಂಕೆಯಿಂದ ಮೊದಲಾಗುವ 1.67 ಕೋಟಿ ಸಂಖ್ಯೆಗಳ ಕಂತೆಯನ್ನು ಅದು 2000ದಲ್ಲಿ ಮರಳಿ ಒಪ್ಪಿಸಿತು. ಅದೇ ಕಂತೆಯು 2010ರಲ್ಲಿ ಏಷ್ಯ–ಪೆಸಿಫಿಕ್ ವಲಯಕ್ಕೆ ದೊರೆಯಿತು. ಆದರೆ ಎಲ್ಲರಿಂದಲೂ ಇಂತಹ ಔದಾರ್ಯವನ್ನು ನಿರೀಕ್ಷಿಸಲಾಗದು. ಕೊರತೆಯು ಹೆಚ್ಚಿದಂತೆ ಸಂಖ್ಯೆಗೆ ಬೆಲೆ ಬಂದಿತು. 2011ರಲ್ಲಿ, ದಿವಾಳಿಯಾಗಿದ್ದ ಕೆನಡದ ನಾರ್ಟೆಲ್ ಕಂಪೆನಿಯ 6,66,624 ಸಂಖ್ಯೆಗಳನ್ನು ಮೈಕ್ರೋಸಾಫ್ಟ್ ಕಂಪೆನಿಯು 75 ಲಕ್ಷ ಡಾಲರುಗಳಿಗೆ ಕೊಂಡಿತು. ಒಂದೊಂದು ಸಂಖ್ಯೆಗೆ ಹನ್ನೊಂದೂಕಾಲು ಡಾಲರು ಬಿದ್ದಿತು. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯು ತನಗೆ ಹೆಚ್ಚಾಗಿದ್ದ ಸುಮಾರು 80 ಲಕ್ಷ ಸಂಖ್ಯೆಗಳನ್ನು ಮಾರುವುದಾಗಿ 2017ರಲ್ಲಿ ಪ್ರಕಟಿಸಿತು. ಬಿಟ್ಟಿಯಾಗಿ ಬಂದ ವಸ್ತುವನ್ನು ಮಾರುವುದು ಧರ್ಮವೆ ಎಂದು ಕೆಲವರು ಕೇಳಿದರು. ಬೆಲೆ ಸಿಕ್ಕದಿದ್ದರೆ ಯಾರೂ ಹೊರಗೆ ತೆಗೆಯುವುದಿಲ್ಲ, ಬೇಕಾದವರಿಗೆ ಎಂದಿಗೂ ಸಿಕ್ಕುವುದಿಲ್ಲ ಎಂದು ಇನ್ನು ಕೆಲವರು ಉತ್ತರವಿತ್ತರು. ಎರಡು ಮಾತುಗಳಲ್ಲಿಯೂ ಸತ್ಯಾಂಶವುಂಟು. ವರ್ಗಾವಣೆಯನ್ನು ನಿಷೇಧಿಸಿದರೆ ಅದು ಕತ್ತಲಲ್ಲಿ ನಡೆಯುತ್ತದೆ. ನಿಯಮವಿಲ್ಲದೆ ಬಿಟ್ಟರೆ ಹಣವಂತನು ಎಲ್ಲವನ್ನೂ ಕೂಡಿಡುತ್ತಾನೆ. ಆದುದರಿಂದ ಅನುಮತಿಯನ್ನು ನೀಡಿ, ಅದಕ್ಕೆ ಕಟ್ಟಳೆಗಳನ್ನು ಹಾಕುವ ಮಧ್ಯಮ ಮಾರ್ಗವನ್ನು ವಲಯಗಳು ಹಿಡಿದವು.

ಈ ಕಟ್ಟಳೆಗಳಲ್ಲಿ ಮುಖ್ಯವಾದವು ಕೆಲವು. ಮೊದಲನೆಯದಾಗಿ, ಕೊಡುವವರು ನೋಂದಣಿ ಪುಸ್ತಕದಲ್ಲಿ ನಿಜವಾದ ಹಕ್ಕುದಾರರಾಗಿರಬೇಕು. ಆ ಸಂಖ್ಯೆಗಳ ಬಗೆಗೆ ಯಾವ ತಂಟೆತಕರಾರೂ ಇರಬಾರದು. ಎರಡನೆಯದಾಗಿ, ವರ್ಗಾವಣೆಯಾಗುವ ಕಂತೆಯಲ್ಲಿ ಕನಿಷ್ಠ 256 ಸಂಖ್ಯೆಗಳಿರಬೇಕು. ಇದಕ್ಕಿಂತ ಚಿಕ್ಕ ಚೂರುಗಳಾಗಿ ಒಡೆದರೆ ದಾರಿ ತೋರುವ ಯಂತ್ರಗಳ ಪಟ್ಟಿಯು ಮಿತಿಮೀರಿ ಬೆಳೆದು ಜಾಲದ ವೇಗವೇ ಕುಂದುತ್ತದೆ. ಮೂರನೆಯದಾಗಿ, ಉತ್ತರ ಅಮೆರಿಕದಂತಹ ವಲಯದಿಂದ ಪಡೆಯುವವರು ತಮಗೆ ಮುಂದಿನ ಎರಡು ವರ್ಷಗಳಲ್ಲಿ ಇಷ್ಟು ಸಂಖ್ಯೆಗಳು ನಿಜವಾಗಿ ಬೇಕು ಎಂಬುದನ್ನು ಲೆಕ್ಕ ಸಹಿತ ತೋರಿಸಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಾಣ್ಣುಡಿಯನ್ನು ಇಲ್ಲಿ ತಿರುಗಿಸಿ ಹೇಳಬಹುದು: ಕಾಲು ಇರುವಷ್ಟೇ ಹಾಸಿಗೆಯನ್ನು ಕೇಳು. ನಾಲ್ಕನೆಯದಾಗಿ, ನಮ್ಮ ವಲಯದ ಕೊನೆಯ ಕಂತೆಯಿಂದ ಪಡೆದ ಸಂಖ್ಯೆಗಳನ್ನು ಐದು ವರ್ಷಗಳು ಕಳೆಯುವ ಮುನ್ನ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ಬಡವರಿಗೆಂದು ಕೊಟ್ಟ ನಿವೇಶನವನ್ನು ಮರುದಿನವೇ ಮಾರಿಕೊಳ್ಳಬಾರದೆಂದು ನಿಯಮ ಮಾಡುವಂತೆಯೇ ಇದು.

ಒಂದು ಉದಾಹರಣೆಯಿಂದ ಈ ಕ್ರಮವು ಸ್ಪಷ್ಟವಾಗುತ್ತದೆ. ಅಮೆರಿಕದ ಒಂದು ಸಂಸ್ಥೆಯ ಬಳಿ ಬಳಸದೆ ಉಳಿದ 1,024 ಸಂಖ್ಯೆಗಳಿವೆ; ಸಿಂಗಪುರದ ಒಂದು ಸಂಸ್ಥೆಗೆ ಅವು ಬೇಕಾಗಿವೆ ಎಂದಿಟ್ಟುಕೊಳ್ಳೋಣ. ಇಬ್ಬರೂ ಮೊದಲು ತಮ್ಮತಮ್ಮಲ್ಲಿ ಮಾತುಕತೆ ನಡೆಸುತ್ತಾರೆ. ಬಳಿಕ ಕೊಡುವ ಸಂಸ್ಥೆಯು ತನ್ನ ವಲಯದ ಆರಿನ್‌ಗೆ ಅರ್ಜಿ ಸಲ್ಲಿಸುತ್ತದೆ. ಆರಿನ್ ಸಂಸ್ಥೆಯು ಹಕ್ಕನ್ನು ಪರಿಶೀಲಿಸಿ ವಿಷಯವನ್ನು ಎಪಿನಿಕ್‌ಗೆ ತಿಳಿಸುತ್ತದೆ. ಎಪಿನಿಕ್ ಸಂಸ್ಥೆಯು ಪಡೆಯುವವರ ಅಗತ್ಯವನ್ನು ಪರೀಕ್ಷಿಸಿ ಒಪ್ಪಿಗೆಯನ್ನು ಕೊಡುತ್ತದೆ. ಇಬ್ಬರ ಒಪ್ಪಿಗೆಯೂ ದೊರೆತ ಮೇಲೆ ಒಂದು ಪುಸ್ತಕದಲ್ಲಿ ಹೆಸರು ತೆಗೆದು, ಇನ್ನೊಂದು ಪುಸ್ತಕದಲ್ಲಿ ಹೆಸರು ಏರಿಸುತ್ತಾರೆ. ಜಮೀನು ಕ್ರಯವಾದ ಮೇಲೆ ಖಾತೆ ಬದಲಾಗಿ ಪಹಣಿಯಲ್ಲಿ ಹೊಸ ಹೆಸರು ಬರುವಂತೆಯೇ ಇದೂ ಸಹ. ಇಲ್ಲಿ ಯಾವ ವಸ್ತುವೂ ಹಡಗಿನಲ್ಲಿ ಸಾಗಲಿಲ್ಲ, ಯಾವ ತಂತಿಯೂ ಕದಲಲಿಲ್ಲ. ಬದಲಾದದ್ದು ಪುಸ್ತಕದ ಒಂದು ಸಾಲು ಮಾತ್ರ.

ಒಂದು ಸಾಲಿಗೆ ಇಷ್ಟು ಎಚ್ಚರವೇಕೆ ಎಂದು ನೀವು ಕೇಳಬಹುದು. ಪುಸ್ತಕವು ಸುಳ್ಳಾದರೆ ಸಂಖ್ಯೆಯೂ ಸುಳ್ಳಾಗುತ್ತದೆ. ಒಬ್ಬರ ಹೆಸರಿನಲ್ಲಿರುವ ಸಂಖ್ಯೆಯಿಂದ ಮತ್ತೊಬ್ಬರು ವಂಚನೆ ಮಾಡಿದರೆ ಪೊಲೀಸರು ಯಾರ ಮನೆಯ ಕದ ತಟ್ಟಬೇಕು? ಪುಸ್ತಕದಲ್ಲಿ ಅಮೆರಿಕವೆಂದಿದ್ದು ಬಳಕೆಯು ಏಷ್ಯದಲ್ಲಿದ್ದರೆ, ಸ್ಥಳವನ್ನು ಊಹಿಸುವ ಯಂತ್ರಗಳು ಇಲ್ಲಿಯವರನ್ನು ಅಲ್ಲಿಯವರೆಂದು ಭಾವಿಸಿ ತಡೆಯುತ್ತವೆ. ಇನ್ನೂ ಗಂಭೀರವಾದ ಅಪಾಯಗಳುಂಟು. ಆಫ್ರಿಕದ ವಲಯದಲ್ಲಿ ಲಕ್ಷಾಂತರ ಸಂಖ್ಯೆಗಳು ದಾಖಲೆಗಳ ತಿದ್ದುವಿಕೆಯಿಂದ ಅಕ್ರಮವಾಗಿ ಪರರ ಪಾಲಾಗಿದ್ದ ಸಂಗತಿಯು 2019ರಲ್ಲಿ ಬೆಳಕಿಗೆ ಬಂದಿತು. ಕಳ್ಳನು ಗೋಡೆಯನ್ನು ಕೊರೆಯಲಿಲ್ಲ. ಲೆಕ್ಕದ ಪುಸ್ತಕವನ್ನು ತಿದ್ದಿದನು. ನಷ್ಟವಾದದ್ದು, ಇನ್ನೂ ಅಂತರ್ಜಾಲವೇ ತಲಪದ ಅಲ್ಲಿನ ಹಳ್ಳಿಗಳ ನಾಳಿನ ಮಕ್ಕಳಿಗೆ.

ವಲಯದಿಂದ ವಲಯಕ್ಕೆ ದಾರಿ ತೆರೆದ ಕಥೆಯೂ ತಿಳಿಯಬೇಕಾದುದೇ. ಉತ್ತರ ಅಮೆರಿಕ ಮತ್ತು ಏಷ್ಯ–ಪೆಸಿಫಿಕ್ ವಲಯಗಳ ನಡುವೆ ಇಂತಹ ವರ್ಗಾವಣೆಯು 2012ರಲ್ಲಿ ಮೊದಲಾಯಿತು. ಆದರೆ ಎಲ್ಲ ವಲಯಗಳ ಅಭಿಪ್ರಾಯವೂ ಒಂದೇ ಆಗಿರಲಿಲ್ಲ. ಅಗತ್ಯವನ್ನು ತೋರಿಸಲೇಬೇಕೆಂಬುದು ಉತ್ತರ ಅಮೆರಿಕದವರ ಹಟ. ಹಣ ಕೊಟ್ಟು ಕೊಳ್ಳುವವರು ಬೇಡದೆ ಕೊಳ್ಳುವರೆ ಎಂಬುದು ಯೂರೋಪಿನವರ ವಾದ. ಅವರು ತಮ್ಮ ವಲಯದೊಳಗೆ ಆ ನಿಯಮವನ್ನು ಕೈಬಿಟ್ಟಿದ್ದರು. ಅಗತ್ಯದ ನಿಯಮವಿಲ್ಲದ ವಲಯಕ್ಕೆ ತಮ್ಮ ಸಂಖ್ಯೆಗಳನ್ನು ಕಳುಹಿಸುವುದಿಲ್ಲವೆಂದು ಉತ್ತರ ಅಮೆರಿಕದವರು ನಿಂತುಬಿಟ್ಟರು. ಕೊನೆಗೆ 2015ರಲ್ಲಿ ಯೂರೋಪಿನ ವಲಯವು ಒಂದು ಒಪ್ಪಂದದ ಮಾತನ್ನು ಕಂಡುಕೊಂಡಿತು. ಅಗತ್ಯವನ್ನು ಕೇಳುವ ವಲಯದಿಂದ ಪಡೆಯುವವರು, ಐದು ವರ್ಷಗಳೊಳಗೆ ಕನಿಷ್ಠ ಅರ್ಧದಷ್ಟು ಸಂಖ್ಯೆಗಳನ್ನು ಬಳಸುವ ಯೋಜನೆಯನ್ನು ಒಪ್ಪಿಸಬೇಕೆಂದು ಅದು ಗೊತ್ತುಮಾಡಿತು. ಬಾಗಿಲು ತೆರೆಯಿತು. 2020ರಲ್ಲಿ ಲ್ಯಾಟಿನ್ ಅಮೆರಿಕವೂ ಈ ಕೂಟವನ್ನು ಸೇರಿತು. ಆಫ್ರಿಕದ ವಲಯವು ಮಾತ್ರ 2023ರವರೆಗೂ ಹೊರವಲಯಗಳೊಡನೆ ಇಂತಹ ವರ್ಗಾವಣೆಯನ್ನು ಆರಂಭಿಸಿರಲಿಲ್ಲ. ಬಾಗಿಲು ತೆರೆದರೆ ತಮ್ಮಲ್ಲಿರುವ ಅಷ್ಟಿಷ್ಟು ಸಂಖ್ಯೆಗಳೂ ಸಿರಿವಂತ ದೇಶಗಳಿಗೆ ಹರಿದು ಹೋದಾವು ಎಂಬ ಅಳುಕು ಅಲ್ಲಿ ಹಲವರಿಗಿದೆ. ಬಾಗಿಲು ತೆರೆಯದಿದ್ದರೆ ಹೊರಗಿನಿಂದ ಬರುವುದೂ ಇಲ್ಲವಲ್ಲ ಎಂಬುದು ಇನ್ನು ಕೆಲವರ ಚಿಂತೆ. ನಾಲೆಯ ವಿಷಯದಲ್ಲಿ ನಾವು ಕಂಡ ಭಯ ಮತ್ತು ಬಾಯಾರಿಕೆಗಳೇ ಇಲ್ಲಿಯೂ ಮಾತನಾಡುತ್ತಿವೆ.

ಈ ನಿಯಮಗಳನ್ನು ಮಾಡುವವರು ಯಾರು? ಯಾವ ರಾಜನೂ ಅಲ್ಲ, ಯಾವ ಒಂದು ಸರಕಾರವೂ ಅಲ್ಲ. ಆಯಾ ವಲಯದಲ್ಲಿ ಜಾಲವನ್ನು ನಡೆಸುವವರೂ ಬಳಸುವವರೂ ಸೇರಿ ಬಹಿರಂಗವಾಗಿ ಚರ್ಚಿಸಿ ಮಾಡುತ್ತಾರೆ. ನಮ್ಮ ವಲಯದಲ್ಲಿ ವರ್ಷಕ್ಕೆ ಎರಡು ಬಾರಿ ಇದಕ್ಕಾಗಿ ಸಭೆಯು ಸೇರುತ್ತದೆ. 2012ರಲ್ಲಿ ಒಂದು ಸಭೆಯು ನವದೆಹಲಿಯಲ್ಲಿ ಜರುಗಿತ್ತು. ಯಾರು ಬೇಕಾದರೂ ಒಂದು ಸಲಹೆಯನ್ನು ಬರೆದು ಮುಂದಿಡಬಹುದು. ಅಲ್ಲಿ ಬಹುಮತದ ಎಣಿಕೆಗಿಂತ ಸಹಮತಕ್ಕೆ ಹೆಚ್ಚಿನ ಬೆಲೆ. ಗಟ್ಟಿಯಾದ ಆಕ್ಷೇಪವೊಂದು ಉಳಿದಿದ್ದರೆ, ಅದಕ್ಕೆ ಸಮಾಧಾನ ದೊರೆಯುವವರೆಗೆ ಸಲಹೆಯು ಮುಂದೆ ಸಾಗುವುದಿಲ್ಲ. ಸಭೆಯು ಒಪ್ಪಿದ ಬಳಿಕವೂ ನಾಲ್ಕು ವಾರಗಳ ಕಾಲ ಎಲ್ಲರ ಅಭಿಪ್ರಾಯಕ್ಕಾಗಿ ಕಾಯುತ್ತಾರೆ. ಅರಳಿಕಟ್ಟೆಯ ಮೇಲೆ ಕುಳಿತು ಊರ ಹಿರಿಯರು ಕೆರೆಯ ನೀರಿನ ಸರದಿಯನ್ನು ಗೊತ್ತುಮಾಡುತ್ತಿದ್ದ ರೀತಿಗೂ ಇದಕ್ಕೂ ಬಹು ದೂರವಿಲ್ಲ. ಆದರೆ ಸಭೆಗೆ ಹೋಗದವರ ಮಾತು ಅರಳಿಕಟ್ಟೆಯಲ್ಲಿಯೂ ಕೇಳಿಸುತ್ತಿರಲಿಲ್ಲ, ಇಲ್ಲಿಯೂ ಕೇಳಿಸುವುದಿಲ್ಲ ಎಂಬುದನ್ನು ಮರೆಯಬಾರದು.

ಸಂಖ್ಯೆಗಳ ಕೊರತೆಯನ್ನು ನೀಗಿಸಲು ಬೇರೆ ಉಪಾಯಗಳೂ ನಡೆದಿವೆ. ಅವುಗಳಲ್ಲಿ ಒಂದು, ಹಲವರು ಒಂದೇ ಸಂಖ್ಯೆಯನ್ನು ಹಂಚಿಕೊಳ್ಳುವುದು. ದೊಡ್ಡ ವಠಾರದಲ್ಲಿ ಹತ್ತು ಸಂಸಾರಗಳಿದ್ದು ಹೊರಗೆ ಒಂದೇ ಬಾಗಿಲ ಸಂಖ್ಯೆ ಇದ್ದಂತೆ, ಕಂಪೆನಿಗಳು ನೂರಾರು ಬಳಕೆದಾರರನ್ನು ಒಂದೇ ಸಂಖ್ಯೆಯ ಹಿಂದೆ ಇರಿಸುತ್ತವೆ. ಒಬ್ಬೊಬ್ಬರ ಪಾಲಿಗೂ ಸಂಖ್ಯೆಯಿಲ್ಲದ ನಮ್ಮ ದೇಶದಲ್ಲಿ ಈ ಏರ್ಪಾಡು ಹೇರಳವಾಗಿದೆ. ಇದರಿಂದ ಕೆಲಸವೇನೋ ಸಾಗುತ್ತದೆ. ಆದರೆ ತೊಂದರೆಗಳೂ ಇವೆ. ವಠಾರದಲ್ಲಿ ಒಬ್ಬನು ತಪ್ಪು ಮಾಡಿದರೆ ಎಲ್ಲರಿಗೂ ಕೆಟ್ಟ ಹೆಸರು ಬರುತ್ತದೆ. ಒಬ್ಬನನ್ನು ತಡೆಯಲು ಹೋಗಿ ಎಲ್ಲರನ್ನೂ ತಡೆಯುತ್ತಾರೆ. ಅಲ್ಲದೆ ಇಂತಹ ಬಳಕೆದಾರರು ಹೊರಗಿನವರನ್ನು ಕರೆಯಬಲ್ಲರೇ ಹೊರತು, ಹೊರಗಿನವರು ನೇರವಾಗಿ ಅವರನ್ನು ಕರೆಯಲಾರರು. ಸ್ವಂತ ವಿಳಾಸವಿಲ್ಲದವನು ಅಂತರ್ಜಾಲದಲ್ಲಿ ಬರಿಯ ಗ್ರಾಹಕನಾಗಿ ಉಳಿಯುತ್ತಾನೆ. ತನ್ನದೇ ಅಂಗಡಿಯನ್ನು ತೆರೆಯಬೇಕೆಂದರೆ ಅವನು ಇತರರ ಜಗುಲಿಯನ್ನು ಬೇಡಬೇಕಾಗುತ್ತದೆ.

ನಿಜವಾದ ಪರಿಹಾರವೆಂದರೆ ದೊಡ್ಡ ಕೆರೆಯನ್ನೇ ಕಟ್ಟುವುದು. ಆ ಕೆಲಸವೂ ನಡೆದಿದೆ. 32 ಸ್ಥಾನಗಳ ಬದಲು 128 ಸ್ಥಾನಗಳುಳ್ಳ, ಐ.ಪಿ. ಆರನೆಯ ಆವೃತ್ತಿ ಎಂದು ಕರೆಯಲಾಗುವ ಹೊಸ ಕ್ರಮವನ್ನು ವಿಜ್ಞಾನಿಗಳು 1990ರ ದಶಕದಲ್ಲಿಯೇ ರೂಪಿಸಿದರು. ಅದರಲ್ಲಿ ದೊರೆಯುವ ವಿಳಾಸಗಳ ಒಟ್ಟು ಸಂಖ್ಯೆಯನ್ನು ಬರೆಯಲು 39 ಅಂಕೆಗಳು ಬೇಕು. ನಮ್ಮ ದೂರಸಂಪರ್ಕ ಇಲಾಖೆಯು ಇದರ ಅಳವಡಿಕೆಗಾಗಿ 2010ರ ಜುಲೈ ತಿಂಗಳಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. 2016ರಿಂದ ಈಚೆಗೆ ದೇಶದ ಮೊಬೈಲ್ ಜಾಲಗಳು ಇದನ್ನು ವ್ಯಾಪಕವಾಗಿ ಬಳಸತೊಡಗಿದವು. ಕೊರತೆಯಿದ್ದವರೇ ಹೊಸ ದಾರಿಯಲ್ಲಿ ಮುಂದೆ ನಡೆದರೆಂಬುದು ಗಮನಿಸಬೇಕಾದ ಸಂಗತಿ. ಇಂದು ಹೊಸ ಕ್ರಮವನ್ನು ಹೆಚ್ಚಾಗಿ ಬಳಸುವ ದೇಶಗಳ ಮುಂಚೂಣಿಯಲ್ಲಿ ಭಾರತವೂ ಇದೆ. ಆದರೆ ಹಳೆಯ ಕ್ರಮವೂ ಹೊಸ ಕ್ರಮವೂ ಒಂದರ ಮಾತನ್ನು ಇನ್ನೊಂದು ನೇರವಾಗಿ ಅರಿಯಲಾರವು. ಜಗತ್ತಿನ ಎಷ್ಟೋ ಯಂತ್ರಗಳು ಇನ್ನೂ ಹಳೆಯದರಲ್ಲಿಯೇ ನಿಂತಿರುವುದರಿಂದ ಹಳೆಯ ಸಂಖ್ಯೆಗಳ ಬೇಡಿಕೆಯು ಮುಗಿದಿಲ್ಲ. ಹೊಸ ಕೆರೆಯ ನೀರು ಎಲ್ಲ ಗದ್ದೆಗಳಿಗೂ ಹರಿಯುವವರೆಗೆ ಹಳೆಯ ಕೆರೆಯ ನೀರನ್ನು ನ್ಯಾಯವಾಗಿ ಹಂಚಿಕೊಳ್ಳಲೇಬೇಕು. ವರ್ಗಾವಣೆಯ ನಿಯಮಗಳ ಪ್ರಯೋಜನವು ಇಲ್ಲಿಯೇ ಇರುವುದು.

ಸಂಖ್ಯೆಯೆಂಬುದು ಮನುಷ್ಯನ ಕಲ್ಪನೆ. ಅದನ್ನು ಭೂಮಿಯಿಂದ ಅಗೆಯಬೇಕಾಗಿಲ್ಲ, ಮೋಡದಿಂದ ಬೇಡಬೇಕಾಗಿಲ್ಲ. ಆದರೂ ಎಲ್ಲರೂ ಒಪ್ಪಿ ಬಳಸುವ ಒಂದು ಪುಸ್ತಕದಲ್ಲಿ ಬರೆದ ಕ್ಷಣವೇ ಅದು ಹೊಲದಂತೆ, ನೀರಿನಂತೆ ಬೆಲೆಯುಳ್ಳದ್ದಾಯಿತು. ಮೊದಲು ಬಂದವರು ತಮ್ಮ ಅಗತ್ಯಕ್ಕಿಂತ ಹೆಚ್ಚಾಗಿ ಬಾಚಿಕೊಂಡರೆ, ತಡವಾಗಿ ಬಂದವರು ಬೆಲೆ ತೆರಬೇಕಾಗುತ್ತದೆ. ತಡವಾಗಿ ಬಂದದ್ದು ಅವರ ತಪ್ಪಲ್ಲ. ಹಾಗಲವಾಡಿಯ ಆ ವಿದ್ಯಾರ್ಥಿನಿಯು ತನ್ನ ಫಲಿತಾಂಶವನ್ನು ನೋಡಿ ಮೊಬೈಲನ್ನು ಬದಿಗಿರಿಸುವಾಗ ಈ ಯಾವ ವಿಚಾರವೂ ಅವಳ ಮನಸ್ಸಿಗೆ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ನಾಳೆ ಆಕೆಯು ತನ್ನ ಊರಿನಿಂದಲೇ ಜಗತ್ತಿಗೆ ಏನನ್ನಾದರೂ ಕಳುಹಿಸಬಯಸಿದಾಗ, ಆಕೆಗೂ ಒಂದು ವಿಳಾಸವು ಇರಬೇಕು. ಅದು ಇರುವಂತೆ ನೋಡಿಕೊಳ್ಳುವ ನಿಯಮಗಳನ್ನು ರಚಿಸುವ ಸಭೆಯಲ್ಲಿ, ಹಾಗಲವಾಡಿಯಂತಹ ಊರುಗಳಲ್ಲಿ ಓದಿ ಬೆಳೆದವರೂ ಒಂದು ದಿನ ಕುಳಿತು ಮಾತನಾಡಬೇಕು.